ಸೋಫಾದ ಹಿಂದೆ ನಿಂತವಳು

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಕಂಬದಕ್ಕ ತಪ್ಪದೆ ಮಾಡುತ್ತಿದ್ದ ಕೆಲಸವೊಂದಿತ್ತು. ಅಡುಗೆಮನೆ ಬಾಗಿಲ ಬಳಿ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಹಳೆಯ ಹೊದಿಕೆಯಿಂದ ಹರಿದಿಟ್ಟುಕೊಂಡ ಉದ್ದನೆಯ ಬಟ್ಟೆಪಟ್ಟಿಗಳನ್ನು ಪಾದದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತುವುದು. ಒಂದೊಂದು ಸುತ್ತಿಗೂ ತುಟಿಯೊಳಗೇ ದೇವರ ಹೆಸರು. ಜ್ವರ ಬಂದ ದಿನವೂ, ಮನೆಯಲ್ಲಿ ನೆಂಟರು ತುಂಬಿಕೊಂಡು ಕಾಲಿಡಲು ಜಾಗವಿಲ್ಲದ ದಿನವೂ ಅದು ತಪ್ಪಿದ್ದಿಲ್ಲ. ಕಡೆಗೆ ಗಂಟು ಹಾಕಿ, ಎರಡೂ ಮೊಣಕಾಲುಗಳನ್ನು ಅಂಗೈಯಿಂದ ಮುಟ್ಟಿ, "ಇವತ್ತೊಂದು ದಿನ ನಡೆಸ್ಕೊಡಪ್ಪಾ" ಅನ್ನುತ್ತಿದ್ದಳು. ನಾಳೆಯದನ್ನು ಅವಳು ಎಂದೂ ಕೇಳಿದವಳಲ್ಲ. ಒಟ್ಟಿಗೆ ಕೇಳಿದರೆ ಆಸೆಬುರುಕಿ ಅನ್ನಿಸಿಕೊಂಡೇನು ಎಂಬ ಸಂಕೋಚ.

ಗಂಡ ಗಡಿಯಾರ ರಿಪೇರಿಯವನು. ಗೂಡಂಗಡಿಯಲ್ಲಿ ದಿನವಿಡೀ ಕೂತು ಕೂತು ಅವನ ಸೊಂಟ ಹಿಡಿದುಹೋಗಿತ್ತು. "ನಿಂಗೆ ಕಾಲು ಸರಿಯಿಲ್ಲ, ನಂಗೆ ಸೊಂಟ ಸರಿಯಿಲ್ಲ. ಇಬ್ಬರನ್ನೂ ಬಿಚ್ಚಿ ಜೋಡಿಸಿದ್ರೆ ಒಂದು ಗಟ್ಟಿ ಆಳು ಎದ್ದು ಬರುತ್ತೆ ನೋಡು," ಎಂದು ಪಕ್ಕದಲ್ಲಿ ಕೂತು ಹಲ್ಲುಜ್ಜುತ್ತಾ ಹೇಳುವನು. ಅವಳು ನಕ್ಕುಬಿಡುವಳು. ನಕ್ಕರೆ ಸುತ್ತು ಸಡಿಲಾಗುತ್ತದೆಂದು ಮತ್ತೆ ಬಿಚ್ಚಿ ಸುತ್ತುವಳು.

ಅವಳ ಕೆಲಸ ಸೋಫಾ ಮಾರುವುದು. ದೊಡ್ಡ ರಸ್ತೆಯಲ್ಲಿ, ಮುಂಭಾಗವೆಲ್ಲ ಗಾಜೇ ಇರುವ ಅಂಗಡಿ. ಇಂಥ ಅಂಗಡಿಗಳು ಆ ಕಂಪನಿಗೆ ಊರೂರಲ್ಲೂ ಇದ್ದವು. ನೆಲಮಹಡಿಯ ನಟ್ಟನಡುವೆ ದಪ್ಪನೆಯ ಬಿಳಿ ಕಂಬವೊಂದಿತ್ತು. ಎತ್ತರದ ಹೆಂಗಸು, ಬಾಗಿಲಿಂದಲೇ ಕಾಣುತ್ತಾಳೆಂದು ಸೇರಿದ ಹೊಸತರಲ್ಲೇ ಅವಳನ್ನು ಅದರ ಪಕ್ಕ ನಿಲ್ಲಿಸಿದರು. ಜೊತೆಯವರು ಕಂಬದಕ್ಕ ಎಂದು ಕರೆದರು, ಆ ಹೆಸರು ಅವಳ ಜೊತೆ ಮನೆಗೂ ಬಂತು. ಕಂಬದ ಪಕ್ಕ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಿತ್ತು. ಕಂಬಕ್ಕೆ ಒರಗುವಂತಿರಲಿಲ್ಲ.

ಅಂಗಡಿಯ ನಿಯಮವೇ ಹಾಗೆ. ಬಾಗಿಲು ತೆಗೆದಾಗಿನಿಂದ ದೀಪ ಆರಿಸುವವರೆಗೆ ಮಾರಾಟದ ಹೆಂಗಸರು ಕೂರಬಾರದು. ಗಿರಾಕಿ ಇಲ್ಲದಿದ್ದರೂ ಕೂರಬಾರದು. ಸೋಫಾ, ಕುರ್ಚಿ, ಮಂಚ, ದಿವಾನ, ತೂಗುಕುರ್ಚಿ, ಕಣ್ಣು ಹಾಯಿಸಿದಲ್ಲೆಲ್ಲ ಕೂರಲೆಂದೇ ಮಾಡಿದ ವಸ್ತು, ಅವುಗಳ ನಡುವೆ ಬೆಳಗಿನಿಂದ ನಿಂತ ಹೆಂಗಸರು. ನಿಂತವರನ್ನು ಕಂಡರೆ ಗಿರಾಕಿಗೆ ಕೂರಬೇಕು ಅನ್ನಿಸುತ್ತದೆ ಎಂಬುದು ಮ್ಯಾನೇಜರನ ಲೆಕ್ಕಾಚಾರ. ಊಟಕ್ಕೆ ಹಿಂದಿನ ಸಾಮಾನು ಕೋಣೆ. ಅಲ್ಲಿಯೂ ಕುರ್ಚಿಯಿಲ್ಲ, ಇಟ್ಟರೆ ಹೆಂಗಸರು ಬೇಗ ಏಳುವುದಿಲ್ಲವಂತೆ. ಡಬ್ಬಿಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತೇ ತಿನ್ನಬೇಕು. ಇಡೀ ಕಟ್ಟಡದಲ್ಲಿ ಅವರು ಕೂರಬಹುದಾಗಿದ್ದ ಜಾಗ ಹೆಂಗಸರ ಶೌಚಾಲಯ ಮಾತ್ರ. ಕಮೋಡಿನ ಮುಚ್ಚಳ ಹಾಕಿ ಸರದಿಯ ಮೇಲೆ ಒಂದೆರಡು ನಿಮಿಷ ಕೂತು ಬರುತ್ತಿದ್ದರು.

"ಅಕ್ಕಾ, ಸಿಂಹಾಸನ ಖಾಲಿಯಾಯ್ತು. ಹೋಗಿ ಪಟ್ಟಾಭಿಷೇಕ ಮಾಡಿಸ್ಕೊಂಡು ಬಾ," ಎಂದು ಮಂಚದ ವಿಭಾಗದವಳು ಕಿವಿಯಲ್ಲಿ ಹೇಳಿ ಹೋಗುವಳು. ಇವಳು ಗಂಭೀರವಾಗಿ ನಡೆದುಹೋಗುವಳು. ದೇವರು ಮನುಷ್ಯನ ಕಾಲಿಗೆ ನಡುವೆ ಒಂದು ಕೀಲಿಟ್ಟಿದ್ದಾನೆ, ಮಡಿಸಲಿ ಎಂದೇ ಇಟ್ಟಿದ್ದಾನೆ. ಹೊಟ್ಟೆಪಾಡಿಗೆ ಬಂದ ಹೆಂಗಸು ಅದನ್ನು ಮಡಿಸಲು ಕಮೋಡಿನ ಮೊರೆಹೋಗಬೇಕು ಎಂದರೆ ಅದಕ್ಕೆ ಏನನ್ನಬೇಕು. ಆದರೂ ನಿಂತ ಹೆಂಗಸರು ನಗುತ್ತಿದ್ದರು. ನಗದಿದ್ದರೆ ಮಧ್ಯಾಹ್ನ ದಾಟುತ್ತಿರಲಿಲ್ಲ.

ಗಿರಾಕಿಗಳು "ಮೆತ್ತಗಿದ್ಯಾ?" ಎಂದು ಕೇಳಿದರೆ ಅವಳು "ಬೆಣ್ಣೆ ಹಾಗಿದೆ ಸರ್" ಎನ್ನುತ್ತಿದ್ದಳು. ಅಂಗೈಯಲ್ಲಿ ಒತ್ತಿ ನೋಡಿದಷ್ಟೇ ಅವಳಿಗೆ ಗೊತ್ತಿದ್ದ ಮೆತ್ತನೆ. ಒಮ್ಮೆ ಮಾತ್ರ ಒಬ್ಬರು ಅಜ್ಜಿ, "ನೀನೂ ಕೂರೇ ತಾಯಿ, ನಿನ್ನ ಭಾರಕ್ಕೆ ಎಷ್ಟು ತಗ್ಗುತ್ತೆ ನೋಡೋಣ," ಎಂದು ಕೈ ಹಿಡಿದು ಎಳೆದು ಕೂರಿಸಿಬಿಟ್ಟರು. ಎಚ್ಚರವಾಗಿ ಎದ್ದುನಿಲ್ಲುವಷ್ಟರಲ್ಲಿ ಮ್ಯಾನೇಜರ್ ನೋಡಿದ್ದ. ಆ ದಿನದ ಸಂಬಳ ಹೋಯಿತು. ಅಜ್ಜಿ ಸೋಫಾ ಕೊಂಡೇ ಹೋದರು ಎಂಬುದು ಯಾರ ಗಣನೆಗೂ ಬರಲಿಲ್ಲ.

ಆ ವರ್ಷ ಕಂಪನಿ ಹೊಸ ಜಾಹೀರಾತು ಹೊರಡಿಸಿತು. ಕೆನೆ ಬಣ್ಣದ ಸೋಫಾ. ಅದರ ಮೇಲೆ ನೀಲಿ ಉಡುಪಿನ ಹೆಂಗಸು, ಕಣ್ಣು ಅರೆಮುಚ್ಚಿ, ಬರಿಗಾಲನ್ನು ಮುಂದೆ ಚಾಚಿ ಒರಗಿದ್ದಾಳೆ. ಎಳೆ ಮಗುವಿನಂಥ ಪಾದ. ಕೆಳಗೆ ದಪ್ಪಕ್ಷರದಲ್ಲಿ: "ಕುಳಿತುಕೊಳ್ಳಿ. ಅದು ನಿಮ್ಮ ಹಕ್ಕು." ಮೂಲೆಯಲ್ಲಿ ಕಂಪನಿಯ ಅರ್ಧಚಂದ್ರದ ಗುರುತು. ಬಸ್ಸಿನ ಬೆನ್ನ ಮೇಲೆ, ಸೇತುವೆಯ ಮೇಲೆ, ಪತ್ರಿಕೆಯ ಮೊದಲ ಪುಟದಲ್ಲಿ ಅದೇ. ಕಂಬದಕ್ಕ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದು ಅಪರೂಪ. ನಿಂತೇ ಹೋಗುವಾಗ ಮುಂದಿನ ಬಸ್ಸಿನ ಬೆನ್ನು "ಕುಳಿತುಕೊಳ್ಳಿ" ಎನ್ನುತ್ತಾ ಹೋಗುತ್ತಿತ್ತು.

ಆ ಚಿತ್ರವನ್ನು ತಿದ್ದಿ ಅಚ್ಚಿಗೆ ಅಣಿಮಾಡಿದವಳು ಅವಳ ಸ್ವಂತ ನಾದಿನಿ.

ಕಂಬದಕ್ಕ ಮದುವೆಯಾಗಿ ಬಂದಾಗ ನಾದಿನಿ ಎರಡು ಜಡೆಯ ಚಿಕ್ಕ ಹುಡುಗಿ. ಅತ್ತೆ ಇಲ್ಲದ ಮನೆ. ತಲೆ ಬಾಚಿ, ಪಾಠ ಓದಿಸಿ, ಜ್ವರದಲ್ಲಿ ಪಕ್ಕ ಕೂತು ಬೆಳೆಸಿದವಳು ಅತ್ತಿಗೆಯೇ. ಅವಳ ಸ್ನಾನಕ್ಕೆ ಬಿಸಿನೀರು ಹೊತ್ತು ತರುವಾಗ ಸುರಿದು, ಕಂಬದಕ್ಕನ ಬಲಪಾದದ ಗಂಟಿನ ಮೇಲೆ ಅರ್ಧ ಎಲೆಯಂಥ ಸುಟ್ಟ ಕಲೆ ಉಳಿದಿತ್ತು. ಆ ಹುಡುಗಿ ಈಗ ಜಾಹೀರಾತು ಅಚ್ಚು ಹಾಕುವ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮೇಲೆ ಚಿತ್ರ ತಿದ್ದುತ್ತಿದ್ದಳು. ಸಂಜೆ ಮನೆಗೆ ಬಂದ ಅತ್ತಿಗೆಯ ಪಟ್ಟಿಗಳನ್ನು ಬಿಚ್ಚಿ, ಉಬ್ಬಿ ಗಂಟುಗಂಟಾದ ನೀಲಿ ನರಗಳ ಮೇಲೆ ಎಣ್ಣೆ ಹಚ್ಚಿ ನೀವುವುದು ಅವಳ ಪಾಲಿನ ಕೆಲಸ.

"ಆ ಹೆಂಗಸಿನ ಹಿಮ್ಮಡೀಲಿ ಒಂದು ಸಣ್ಣ ಬಿರುಕಿತ್ತು ಅತ್ತಿಗೆ," ಎಂದಳು ಒಂದು ಸಂಜೆ. "ಅದನ್ನೂ ಅಳಿಸು ಅಂದ್ರು. ಅಳಿಸ್ದೆ. ಇಲ್ಲಿಗೆ ಬಂದು ನಿನ್ನ ಕಾಲು ನೋಡಿದ್ರೆ ನಂಗೆ ನನ್ನ ಕೈ ಕತ್ತರಿಸ್ಕೋಬೇಕು ಅನ್ಸುತ್ತೆ."

"ಕೈ ಕತ್ತರಿಸ್ಕೊಂಡ್ರೆ ಕಾಲು ನೀವೋರು ಯಾರು, ನಿಮ್ಮಣ್ಣನಾ?"

"ನಾನ್ಯಾಕೆ, ನಂಗೆ ಗಡಿಯಾರದ ಕಾಲಷ್ಟೇ ಗೊತ್ತು," ಎಂದ ಗಂಡ ಒಳಗಿನಿಂದ.

ನಾದಿನಿಗೆ ಇಬ್ಬರು ಗೆಳೆಯರಿದ್ದರು. ಗೋಡೆಗಳ ಮೇಲೆ ಜಾಹೀರಾತು ಬರೆಯುತ್ತಿದ್ದ ಪೇಂಟರ್ ಒಬ್ಬ. ಸ್ಟುಡಿಯೋದಲ್ಲಿ ಫೋಟೋ ತೆಗೆಯುವ ಹೆಂಗಸು ಒಬ್ಬಳು. ಮೂವರೂ ಹೊಟ್ಟೆಪಾಡಿಗೆ ಕಂಪನಿಗಳ ಸುಳ್ಳನ್ನು ಸುಂದರ ಮಾಡುವವರು. ಬಿಡುವಿನಲ್ಲಿ ಅದೇ ಜಾಹೀರಾತುಗಳನ್ನು ಎರವಲು ಪಡೆದು ತಮ್ಮ ಪೋಸ್ಟರ್ ಮಾಡುತ್ತಿದ್ದರು. ಸಿಮೆಂಟಿನ ಜಾಹೀರಾತಿನಲ್ಲಿ ಹೊಸ ಮನೆಯ ಮುಂದೆ ನಗುತ್ತಾ ನಿಂತ ಸಂಸಾರವನ್ನು ಹಾಗೇ ಬಿಟ್ಟು, ಹಿಂದೆ ಇದ್ದ ಮನೆ ತೆಗೆದು, ಕಟ್ಟಡ ಕೆಲಸದವರ ಪ್ಲಾಸ್ಟಿಕ್ ಗುಡಾರ ಇಟ್ಟಿದ್ದ ಪೇಂಟರ್. ಬರೆದ ಸಾಲು ಕಂಪನಿಯದೇ: "ತಲೆತಲಾಂತರಕ್ಕೆ ಒಂದೇ ಸೂರು." ಇಂಥವನ್ನೆಲ್ಲ ಸೇರಿಸಿ ಬಾಡಿಗೆ ಹಾಲಿನಲ್ಲಿ ಪ್ರದರ್ಶನ ಮಾಡಬೇಕೆಂದು ಹೊರಟಿದ್ದರು.

"ನಾವು ಹೊಸದಾಗಿ ಏನೂ ಹೇಳಲ್ಲ ಅಣ್ಣ," ಎಂದು ನಾದಿನಿ ವಿವರಿಸಿದ್ದಳು. "ಅವರದೇ ಬಣ್ಣ, ಅವರದೇ ಅಕ್ಷರ, ಅವರದೇ ಮಾತು. ಮುಚ್ಚಿಟ್ಟಿದ್ದನ್ನ ವಾಪಸ್ ಇಡ್ತೀವಿ, ಅಷ್ಟೇ."

"ಅಂದ್ರೆ ಕದ್ದ ಗಡಿಯಾರಕ್ಕೆ ಸರಿಯಾದ ಟೈಮ್ ಇಡೋದು," ಎಂದ ಅಣ್ಣ.

ಪ್ರದರ್ಶನಕ್ಕೆ ನಾದಿನಿ ಯಾವ ಪೋಸ್ಟರ್ ಮಾಡುತ್ತಿದ್ದಾಳೆಂದು ಕಂಬದಕ್ಕ ಕೇಳಲಿಲ್ಲ. ನಾದಿನಿಯೂ ಹೇಳಲಿಲ್ಲ.

ಮಾರಾಟದ ಹಂಗಾಮಿಗೆ ಅಂಗಡಿಯ ಮುಂಭಾಗದ ಗಾಜಿಗೆ ದೊಡ್ಡ ಪೋಸ್ಟರುಗಳು ಬಂದವು. ಅಂಟಿಸುವ ಕೆಲಸ ಹೆಂಗಸರದೇ. ಒಳಗಿನಿಂದ ಅಂಟಿಸಬೇಕು, ಚಿತ್ರ ಬೀದಿಗೆ ಕಾಣಬೇಕು. ಹಾಗಾಗಿ ಚಿತ್ರದ ಮೇಲೆಯೇ ಅಂಟು ಬಳಿದು, ಅದರ ಮೇಲೆ ಮೇಣದ ಹಾಳೆ ಮುಚ್ಚಿರುತ್ತಾರೆ. ಮೇಲಂಚಿನಿಂದ ಒಂದು ಗೇಣು ಹಾಳೆ ಸುಲಿಯುವುದು, ಗಾಜಿಗೆ ಒತ್ತುವುದು, ಗಾಳಿಗುಳ್ಳೆ ಬಾರದಂತೆ ಬಟ್ಟೆಯಲ್ಲಿ ತೀಡುವುದು, ಮತ್ತೊಂದು ಗೇಣು. ಅಂಟಿಸುವವರ ಕಣ್ಣಿಗೆ ಬೀಳುವುದು ಬೆನ್ನಿನ ಬರೀ ಬಿಳುಪು. ಎತ್ತರಕ್ಕೆ ಕೈ ಎಟುಕುವುದು ಕಂಬದಕ್ಕನಿಗೇ ಆದ್ದರಿಂದ ಬಾಗಿಲ ಪಕ್ಕದ ದೊಡ್ಡ ಗಾಜು ಅವಳ ಪಾಲಿಗೆ ಬಂತು. ಸುಲಿದ ಅಂಚಿನಲ್ಲಿ ಕೆನೆ ಬಣ್ಣ ಕಂಡಿತು, ನೀಲಿ ಕಂಡಿತು. ಪರಿಚಯದ ಬಣ್ಣಗಳೇ. ಅಚ್ಚುಕಟ್ಟಾಗಿ ತೀಡಿ, ಒಂದೂ ಗುಳ್ಳೆಯಿಲ್ಲದೆ ಅಂಟಿಸಿದಳು. ಎಂದೂ ಹೊಗಳದ ಮ್ಯಾನೇಜರ್ ಕೂಡ, "ಪರವಾಗಿಲ್ಲ, ನೀಟಾಗಿದೆ," ಎಂದ.

ಸ್ವಲ್ಪ ಹೊತ್ತಿಗೆ ಹೊರಗೆ ಜನ ನಿಲ್ಲತೊಡಗಿದರು. ಆ ಗಾಜಿನ ಮುಂದೆಯೇ. ಬಿಳಿ ಬೆನ್ನಿನ ಆಚೆ ನೆರಳುಗಳು ಕೂಡುತ್ತಿದ್ದವು. ಕೆಲವರು ಫೋನ್ ಎತ್ತಿ ಹಿಡಿದದ್ದು ಪಕ್ಕದ ಗಾಜಿನಿಂದ ಕಾಣುತ್ತಿತ್ತು. ಮ್ಯಾನೇಜರ್ ಖುಷಿಯಲ್ಲಿದ್ದ. "ನೋಡಿದ್ರಾ, ಜಾಹೀರಾತು ಅಂದ್ರೆ ಹಿಂಗಿರಬೇಕು," ಎಂದು ಟೈ ಸರಿಮಾಡಿಕೊಂಡ. ಅವನು ಬರುವುದು ಕೆಳಗೆ ಕಾರು ನಿಲ್ಲಿಸಿ ಹಿಂಬಾಗಿಲಿಂದ, ಬೀದಿಯ ಕಡೆಯಿಂದ ಪೋಸ್ಟರನ್ನು ನೋಡಿರಲೇ ಇಲ್ಲ.

ಒಳಗೆ ಬಂದ ಗಿರಾಕಿ ಹೆಂಗಸೊಬ್ಬಳು ಕಂಬದಕ್ಕನ ಮುಖ ನೋಡಿದಳು, ಕಾಲು ನೋಡಿದಳು, ದನಿ ತಗ್ಗಿಸಿ, "ನಿಮ್ಮ ಕಂಪನಿಯವರಿಗೆ ಧೈರ್ಯ ಇದೆ ಕಣಮ್ಮಾ. ಅಷ್ಟು ನಿಜ ಯಾರೂ ಹಾಕಲ್ಲ," ಎಂದಳು.

ಕಂಬದಕ್ಕ ಹೊರಗಿನಿಂದ ಗಾಜು ಒರೆಸುವ ನೆಪದಲ್ಲಿ ಬಟ್ಟೆ ಹಿಡಿದು ಬೀದಿಗೆ ಬಂದಳು.

ಅದೇ ಕೆನೆ ಬಣ್ಣದ ಸೋಫಾ, ಅದೇ ಬೆಳಕು, ಅದೇ ಅರ್ಧಚಂದ್ರ. ಸೋಫಾ ಖಾಲಿ. ನೀಲಿ ಉಡುಪಿನ ಹೆಂಗಸು ಇಲ್ಲ. ಪಕ್ಕಕ್ಕೆ ಒಂದಿಷ್ಟು ಹಿಂದೆ, ಅಂಗಡಿಯ ನೀಲಿ ಅಂಗಿ ಕಪ್ಪು ಪ್ಯಾಂಟಿನಲ್ಲಿ ಒಬ್ಬಳು ಕೈ ಕಟ್ಟಿ ನೆಟ್ಟಗೆ ನಿಂತಿದ್ದಾಳೆ. ಮುಖ ಚೌಕಟ್ಟಿನಿಂದ ಆಚೆಗೆ ಹೋಗಿದೆ. ಪ್ಯಾಂಟು ಮಡಚಿ ಮೇಲೇರಿಸಿದ್ದಾಳೆ, ಬರಿಗಾಲು. ಬಳ್ಳಿಯ ಹಾಗೆ ಹಬ್ಬಿ ಗಂಟಾದ ನರಗಳು. ಊದಿದ ಪಾದ. ಬಲಗಾಲಿನ ಗಂಟಿನ ಮೇಲೆ ಅರ್ಧ ಎಲೆಯಂಥ ಕಲೆ. ಕೆಳಗೆ: "ಕುಳಿತುಕೊಳ್ಳಿ. ಅದು ನಿಮ್ಮ ಹಕ್ಕು."

ತನ್ನ ಕಾಲನ್ನು ತಾನೇ ಬೀದಿಗೆ ಅಂಟಿಸಿ, ಗುಳ್ಳೆಯಿಲ್ಲದಂತೆ ತೀಡಿದ್ದಳು.

ಆದದ್ದು ಇಷ್ಟು. ಅಚ್ಚಿನ ಅಂಗಡಿಯಲ್ಲಿ ಒಂದೊಂದು ಕಂಪನಿಯ ಸುರುಳಿಗೂ ಒಂದೊಂದು ಬಣ್ಣದ ಟೇಪು ಸುತ್ತುತ್ತಾರೆ. ಕಟ್ಟುವವನು ಚಿತ್ರ ನೋಡುವುದಿಲ್ಲ, ಅಂಚಿನಲ್ಲಿ ಕಾಣುವ ಬಣ್ಣ ನೋಡಿ ಟೇಪು ಹಾಕುತ್ತಾನೆ. ಸಂಜೆ ಪಟ್ಟಿ ಬಿಚ್ಚಿ ನಿಂತ ಅತ್ತಿಗೆಯ ಕಾಲನ್ನು ಅವಳಿಗೆ ತಿಳಿಯದಂತೆ ಫೋನಿನಲ್ಲಿ ಹಿಡಿದು, ಅಂಗಡಿಯ ಉಡುಪಿನ ಚಿತ್ರಕ್ಕೆ ಜೋಡಿಸಿದ್ದಳು ನಾದಿನಿ. ಪ್ರದರ್ಶನಕ್ಕೆಂದು ಆ ಪೋಸ್ಟರನ್ನು ಅದೇ ಮಿಷನ್ನಿನಲ್ಲಿ, ಅದೇ ಕೆಲಸದ ಉಳಿಕೆ ಹಾಳೆಯ ಮೇಲೆ ತೆಗೆದಿದ್ದಳು. ಕಂಪನಿಯ ಬಣ್ಣವನ್ನು ಅಷ್ಟು ನಿಖರವಾಗಿ ಎರವಲು ಪಡೆದದ್ದೇ ತಪ್ಪಾಯಿತು. ಕಟ್ಟುವವನು ಅದಕ್ಕೂ ಕಂಪನಿಯ ಹಸಿರು ಟೇಪು ಸುತ್ತಿ ಕಳಿಸಿದ್ದ.

ಇದೆಲ್ಲ ಗೊತ್ತಾದದ್ದು ಆಮೇಲೆ. ಮ್ಯಾನೇಜರಿಗೆ ಮೇಲಿನಿಂದ ಫೋನ್ ಬಂದದ್ದು ಮಧ್ಯಾಹ್ನ. ಬೀದಿಗೆ ಓಡಿದ, ನೋಡಿದ, ವಾಪಸ್ ಒಳಗೆ ಬಂದು ಉಗುರಿನಿಂದಲೇ ಪೋಸ್ಟರ್ ಕೆರೆಯತೊಡಗಿದ. ಚೆನ್ನಾಗಿ ತೀಡಿದ್ದರಿಂದ ಬೇಗ ಬರಲಿಲ್ಲ. ತುಣುಕು ತುಣುಕಾಗಿ ಬಂತು, ಕಡೆಗೆ ಉಳಿದದ್ದು ಕಾಲುಗಳೇ.

ಸಾಮಾನು ಕೋಣೆಗೆ ಎಲ್ಲರನ್ನೂ ಕರೆದ. "ಯಾರ ಕಾಲು ಅದು?"

ಫೋನಿಗೆ ಬಂದಿದ್ದ ಚಿತ್ರವನ್ನು ಒಬ್ಬೊಬ್ಬರ ಮುಖದ ಮುಂದೆ ಹಿಡಿದ.

"ಒಳಗಿನವರು ಕೊಡದೆ ಈ ಫೋಟೋ ಎಲ್ಲಿಂದ ಬರುತ್ತೆ? ಬೂಟು ಬಿಚ್ಚಿ. ಎಲ್ಲರೂ. ಪ್ಯಾಂಟು ಮೇಲಕ್ಕೆ ಮಡಚಿ."

ಕೆಲಸ ಕೊಟ್ಟ ಮಾತ್ರಕ್ಕೆ ಒಬ್ಬ ಗಂಡಸಿಗೆ ಇಂಥ ಮಾತು ಬಾಯಿಗೆ ಹೇಗೆ ಬರುತ್ತದೆ. ಮಕ್ಕಳನ್ನು ಹೆತ್ತ ಹೆಂಗಸರು, ಮೊಮ್ಮಕ್ಕಳ ಮುಖ ಕಂಡ ಹೆಂಗಸರು ಗೋಡೆಯುದ್ದಕ್ಕೂ ನಿಂತು ಬೂಟು ಕಳಚಿದರು. ಬಿಚ್ಚುವುದಕ್ಕೂ ಕೂರುವಂತಿಲ್ಲ, ಒಬ್ಬರ ಭುಜ ಒಬ್ಬರು ಹಿಡಿದು ಒಂಟಿಕಾಲಲ್ಲಿ ಬಿಚ್ಚಿದರು. ಅವನು ಕೈಯಲ್ಲಿ ಫೋನಿನ ಚಿತ್ರ ಹಿಡಿದು ದನದ ವ್ಯಾಪಾರಿಯ ಹಾಗೆ ಬಗ್ಗಿ ಬಗ್ಗಿ ನೋಡುತ್ತಾ ಬಂದ.

ಮಂಚದವಳ ಕಾಲಿನಲ್ಲಿ ಗಂಟು ನರಗಳು. ಪರದೆ ಮಾರುವವಳ ಕಾಲಿನಲ್ಲಿ ಗಂಟು ನರಗಳು, ಹಿಮ್ಮಡಿಯಲ್ಲಿ ಒಣಗದ ಹುಣ್ಣು. ಊಟದ ಮೇಜಿನವಳ ಪಾದ ಬೂಟಿನ ಅಚ್ಚು ಮೂಡುವಷ್ಟು ಊದಿತ್ತು. ಹೋದ ವರ್ಷವಷ್ಟೇ ಸೇರಿದ ಹುಡುಗಿಯ ಎಳೆಯ ಕಾಲಿನಲ್ಲೂ ನೀಲಿ ಎಳೆಗಳು ಮೂಡತೊಡಗಿದ್ದವು. ಯಾರ ಕಾಲೆಂದು ಹುಡುಕಲು ಬಂದವನಿಗೆ ಎಲ್ಲವೂ ಚಿತ್ರದ ಕಾಲಿನ ಹಾಗೇ ಕಂಡವು. ಹೆಂಗಸರು ಕೂಡ ಒಬ್ಬರ ಕಾಲನ್ನು ಒಬ್ಬರು ಹೀಗೆ ಸಾಲಾಗಿ ನೋಡಿದ್ದು ಅದೇ ಮೊದಲು.

ಸಾಲಿನ ಕೊನೆಗೆ ಬರುವ ಮುನ್ನವೇ ಅವನ ಕತ್ತು ಬೆವರಿತ್ತು. "ಸಾಕು, ಸಾಕು. ಮುಚ್ಕೊಳ್ಳಿ. ಕೆಲಸಕ್ಕೆ ಹೋಗಿ."

"ಇನ್ನೂ ನಂದು ನೋಡಿಲ್ಲ ಸರ್," ಎಂದಳು ಕೊನೆಯಲ್ಲಿ ನಿಂತಿದ್ದ ಕಂಬದಕ್ಕ.

"ಬೇಡ, ಹೋಗು ನೀನು."

ಅವಳು ಹೋಗಲಿಲ್ಲ. ಬಗ್ಗಿ ಪಟ್ಟಿಯ ಗಂಟು ಬಿಚ್ಚಿದಳು. ಉದ್ದನೆಯ ಪಟ್ಟಿ, ಬೆಳಿಗ್ಗೆ ದೇವರ ಹೆಸರು ಹೇಳುತ್ತಾ ಸುತ್ತಿದ್ದು, ಸುತ್ತು ಸುತ್ತಾಗಿ ನೆಲಕ್ಕೆ ಇಳಿಯಿತು. ಮ್ಯಾನೇಜರ್ ಬಾಗಿಲು ನೋಡುತ್ತಿದ್ದ. ಕೊನೆಯ ಸುತ್ತು ಬಿದ್ದಾಗ ಅರ್ಧ ಎಲೆಯ ಕಲೆ ಕಂಡಿತು.

"ಈಗ ನೋಡಿ. ನಂದೇ ಕಾಲು. ಚಿತ್ರ ನಾನು ಕೊಟ್ಟಿಲ್ಲ, ನಂಗೆ ಗೊತ್ತೂ ಇರ್ಲಿಲ್ಲ. ಆದ್ರೆ ಅದ್ರಲ್ಲಿ ಸುಳ್ಳು ಏನಿದೆ ಹೇಳಿ."

ಹೇಳಿ ಕಳಿಸುವವರೆಗೆ ಕೆಲಸಕ್ಕೆ ಬರಬೇಡ ಎಂದು ಅವಳನ್ನು ಮನೆಗೆ ಅಟ್ಟಿದರು.

ಅವತ್ತು ಸಂಜೆ ನಾದಿನಿ ಎಣ್ಣೆಯ ಬಟ್ಟಲು ಹಿಡಿದು ಹತ್ತಿರ ಬಂದಾಗ ಕಂಬದಕ್ಕ ಕಾಲು ಎಳೆದುಕೊಂಡಳು.

"ದಿನಾ ಕಾಲು ನೀವ್ತಾ ಇದ್ದಿದ್ದು ಇದಕ್ಕಾ?"

ನಾದಿನಿ ಬಟ್ಟಲು ಕೆಳಗಿಟ್ಟಳು. "ಅಂಗಡಿಗೆ ಹೋಗ್ಲಿ ಅಂತ ಮಾಡಿದ್ದಲ್ಲ ಅತ್ತಿಗೆ. ದೇವರಾಣೆ."

"ದೇವರನ್ನ ಬಿಡು, ಅವನಿಗೆ ಬೇರೆ ಕೆಲಸ ಇದೆ. ಹಾಲಿನಲ್ಲಿ ನೇತು ಹಾಕಿದ್ರೆ ಮಾತ್ರ ನನ್ನ ಕಾಲು ನಂದಲ್ವಾ? ಆ ಕಂಪನಿ ನನ್ನ ಕಾಲನ್ನ ಕೇಳ್ದೆ ತಗೊಂಡಿತು. ನೀನೂ ಕೇಳ್ದೆ ತಗೊಂಡೆ. ಅವರಾದ್ರೂ ಸಂಬಳ ಕೊಡ್ತಾರೆ."

ನಾದಿನಿ ತಲೆ ತಗ್ಗಿಸಿ ಕೂತಳು. ಚಿಕ್ಕವಳಿದ್ದಾಗ ತಪ್ಪು ಮಾಡಿದರೆ ಹೀಗೇ ಕೂರುತ್ತಿದ್ದಳು, ಅತ್ತಿಗೆ ತಾನಾಗಿ ಕರೆಯುವವರೆಗೆ.

"ಕಂಪನಿ ಚಿತ್ರ ಕೇಳ್ದೆ ತಗೊಂಡೆ. ಅದಕ್ಕೆ ನಂಗೆ ನಾಚಿಕೆ ಇಲ್ಲ," ಎಂದಳು ಕಡೆಗೆ. "ನಿನ್ನನ್ನ ಕೇಳ್ಬೇಕಿತ್ತು. ಕೇಳಿದ್ರೆ ಬೇಡ ಅಂತೀಯ ಅಂತ ಕೇಳ್ಲಿಲ್ಲ. ಮತ್ತೆ ಅಚ್ಚು ಹಾಕಲ್ಲ, ಪ್ರದರ್ಶನದಿಂದ ಅದನ್ನ ತೆಗೆದುಬಿಡ್ತೀನಿ."

ಕಂಬದಕ್ಕನ ಕಣ್ಣ ಮುಂದೆ ಸಾಮಾನು ಕೋಣೆಯ ಗೋಡೆಯುದ್ದಕ್ಕೂ ನಿಂತ ಕಾಲುಗಳಿದ್ದವು. ಎಳೆ ಹುಡುಗಿಯ ಕಾಲಿನ ನೀಲಿ ಎಳೆ ಎಷ್ಟು ಬೇಗ ಗಂಟಾಗುತ್ತದೆಂದು ಅವಳಿಗಿಂತ ಬಲ್ಲವರಿಲ್ಲ. ತಾನು ಇಷ್ಟು ವರ್ಷ ದಿನಕ್ಕೊಂದು ದಿನ ಬೇಡಿಕೊಂಡು ಸುಮ್ಮನಿದ್ದುಬಿಟ್ಟೆ ಅನ್ನಿಸಿತು. ಬಲಗಾಲನ್ನು ನಿಧಾನವಾಗಿ ನಾದಿನಿಯ ಮಡಿಲ ಕಡೆ ಚಾಚಿದಳು.

"ತೆಗೀಬೇಡ. ನನ್ನೊಬ್ಬಳದೇ ಬೇಡ, ಎಲ್ಲರ ಕಾಲಿನ ಫೋಟೋನೂ ತೆಗಿ. ಆದ್ರೆ ಒಬ್ಬೊಬ್ಬರನ್ನೂ ಕೇಳಿ ತೆಗಿ. ಬೇಡ ಅಂದವರ ಹತ್ರ ಎರಡನೇ ಸಲ ಕೇಳ್ಬೇಡ."

ರಜೆಯ ದಿನ ಹೆಂಗಸರು ಒಬ್ಬೊಬ್ಬರಾಗಿ ಆ ಚಿಕ್ಕ ಮನೆಗೆ ಬಂದರು. ಪರದೆಯವಳು ಬರಲಿಲ್ಲ, ಗಂಡನಿಗೆ ಹೆದರಿ. ಅವಳನ್ನು ಯಾರೂ ಮತ್ತೆ ಕೇಳಲಿಲ್ಲ. ಉಳಿದವರು ಬೋರಲು ಬಕೆಟ್ಟಿನ ಮೇಲೆ ಸರದಿಯಂತೆ ಕೂತು ಪಟ್ಟಿ, ಸಾಕ್ಸು ಬಿಚ್ಚಿದರು. ಸ್ಟುಡಿಯೋದವಳು ಫೋಟೋ ತೆಗೆದಳು. "ಮುಖ ಬರಲ್ಲ ತಾನೇ? ಬರೋದಾದ್ರೆ ಹೇಳು, ಲಿಪ್‌ಸ್ಟಿಕ್ ಹಾಕ್ಕೊಂಡು ಬರ್ತೀನಿ," ಎಂದಳು ಮಂಚದವಳು. "ಕಾಲಿಗೆ ಹಾಕ್ಕೋ," ಎಂದಿತು ಇನ್ನೊಂದು ದನಿ. ಮನೆ ತುಂಬ ನಗು. ಗಡಿಯಾರದವನು ಹೆಂಗಸರ ನಡುವೆ ಯಾಕೆಂದು ತಾನೇ ಟೀ ಮಾಡಿ ಬಾಗಿಲ ಸಂದಿಯಿಂದ ಒಳಗಿಟ್ಟು ಹೋದ.

ಎರಡನೇ ಪೋಸ್ಟರಿನಲ್ಲಿ ಅದೇ ಖಾಲಿ ಸೋಫಾ, ಅದರ ಎರಡೂ ಪಕ್ಕ ಸಾಲಾಗಿ ಅಷ್ಟೂ ಕಾಲು, ಅದೇ ಸಾಲು. ಬಾಡಿಗೆ ಹಾಲಿನಲ್ಲಿ ಅದನ್ನು ಎದುರು ಗೋಡೆಗೆ ಹಾಕಿದ್ದರು. ಕಂಬದಕ್ಕ ಹೋಗಿ ನೋಡಿದಳು. ಕನ್ನಡಕದ ಒಬ್ಬರು ಬೆಳಕಿನ ಬಗ್ಗೆ, ಬಣ್ಣದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕಾಲಿನ ಬಗ್ಗೆ ಮಾತಾಡಲಿಲ್ಲ. ಅವಳಿಗೆ ಸಿಟ್ಟು ಬಂತು. ಆದರೆ ಅವರ ಹಿಂದೆ ಬಟ್ಟೆ ಅಂಗಡಿಯ ಹುಡುಗಿಯರ ಗುಂಪೊಂದು, ಕೆಲಸದ ಉಡುಪಿನಲ್ಲೇ ಬಂದದ್ದು, ಆ ಪೋಸ್ಟರಿನ ಮುಂದೆ ನಿಂತಿತ್ತು. ಒಬ್ಬಳು ಬಗ್ಗಿ ತನ್ನ ಕಾಲು ಮುಟ್ಟಿ ನೋಡಿಕೊಂಡಳು. ಆ ವಾರದೊಳಗೆ ಪೋಸ್ಟರಿನ ಚಿತ್ರ ಫೋನಿನಿಂದ ಫೋನಿಗೆ ಹೋಗಿ, ಬೇರೆ ಊರಿನ ಅಂಗಡಿಗಳ ಹೆಂಗಸರು ತಮ್ಮ ಕಾಲುಗಳ ಚಿತ್ರ ಕಳಿಸತೊಡಗಿದರು.

ಆಗ ಕಂಪನಿಯಿಂದ ಕರೆ ಬಂತು.

ಕಚೇರಿಯಲ್ಲಿ ಇದ್ದದ್ದು ಮ್ಯಾನೇಜರ್ ಅಲ್ಲ, ಯಜಮಾನರ ಮಗ. ಎಲ್ಲರೂ ಚಿಕ್ಕ ಯಜಮಾನರೆಂದು ಕರೆಯುವವರು. ಎದ್ದು ಬಂದು ತಾವೇ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ ಅಮ್ಮಾ. ಮೊದಲು ಕೂತ್ಕೊಳ್ಳಿ. ಆ ಮ್ಯಾನೇಜರ್ ನಡ್ಕೊಂಡಿದ್ದು ನಂಗೆ ಇಷ್ಟ ಆಗ್ಲಿಲ್ಲ. ಬೇರೆ ಕಡೆ ಹಾಕಿದ್ದೀವಿ."

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. "ಪರವಾಗಿಲ್ಲ, ಹೇಳಿ ಸರ್."

ಅವರು ಒಳ್ಳೆಯ ಮಾತಿನವರು. ಬಾಗಿಲ ಬಳಿ ವಿಚಾರಣೆಗೆಂದು ಹೊಸ ಮೇಜು ಹಾಕುತ್ತೇವೆ, ಗಾಲಿಯ ಕುರ್ಚಿ, ಕಾಲಿಡಲು ಹಲಗೆ. ನಾಳೆಯಿಂದಲೇ ಆ ಜಾಗ ನಿಮ್ಮದು, ಸಂಬಳವೂ ಹೆಚ್ಚು. ಕಾಲಿನ ಚಿಕಿತ್ಸೆ ಕಂಪನಿಯ ಖರ್ಚು. ಇಷ್ಟಕ್ಕೆ ಒಂದೇ ಒಂದು ಫೋಟೋ: ಆ ಕೆನೆ ಬಣ್ಣದ ಸೋಫಾದ ಮೇಲೆ ನೀವು ಕೂತು ನಗುತ್ತಿರಬೇಕು. "ಅದೇ ಸಾಲು. ಈ ಸಲ ನಿಜವಾದ ಹೆಂಗಸು. ಜನ ಇಷ್ಟಪಡ್ತಾರೆ. ಫೋಟೋ ಆದ್ಮೇಲೆ ಸೋಫಾ ನಿಮ್ಮ ಮನೆಗೇ ಬರುತ್ತೆ. ಆ ಹಾಲಿನ ಪೋಸ್ಟರ್ ಮಾತ್ರ ತೆಗೆಸಿಬಿಡಿ. ನಿಮ್ಮ ನಾದಿನೀನೇ ಅಲ್ವಾ, ನೀವು ಹೇಳಿದ್ರೆ ಕೇಳ್ತಾಳೆ."

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಂದು ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಮೀನಖಂಡದಲ್ಲಿ ಬೆಂಕಿ ಇಟ್ಟ ಹಾಗೆ ಉರಿ. ಕೈಯ ಕೆಳಗೇ ಕುರ್ಚಿಯ ಬೆನ್ನಿತ್ತು, ಚರ್ಮದ್ದು, ತಣ್ಣಗಿತ್ತು. ಕಾಲಿಡುವ ಹಲಗೆಯನ್ನು ಅವಳು ಮನಸ್ಸಿನಲ್ಲೇ ಕಂಡಳು. ಅದರ ಮೇಲೆ ತನ್ನ ಪಾದಗಳನ್ನೂ ಕಂಡಳು.

"ಉಳಿದವರಿಗೆ ಸರ್?"

"ಅದು ಕಂಪನಿಯ ನೀತಿ ಅಮ್ಮಾ. ಎಲ್ಲ ಊರಿಗೂ ಒಂದೇ ನಿಯಮ. ನಾನೊಬ್ಬನೇ ಕೂತು ತೀರ್ಮಾನ ಮಾಡೋಕಾಗಲ್ಲ."

"ನಂದೊಂದನ್ನ ಒಬ್ಬರೇ ಕೂತು ತೀರ್ಮಾನ ಮಾಡಿದ್ರಲ್ಲ."

ಅವರು ನಕ್ಕರು. "ನೀವು ಬೇರೆ ಅಮ್ಮಾ. ನಿಮ್ಮ ವಿಷಯ ಎಲ್ಲರಿಗೂ ಗೊತ್ತಾಗಿದೆ."

"ನನ್ನ ಕಾಲು ಬೇರೆ ಅಲ್ಲ ಸರ್. ನಿಮ್ಮ ಮ್ಯಾನೇಜರೇ ಬಗ್ಗಿ ನೋಡಿದ್ದಾರೆ, ಬೇಕಾದ್ರೆ ಕೇಳಿ. ಹೋದ ವರ್ಷ ಸೇರಿದ ಹುಡುಗಿ ಒಬ್ಬಳಿದ್ದಾಳೆ. ನಾನು ಬಾಗಿಲಲ್ಲಿ ಕೂತಿದ್ರೆ, ಅವಳು ದಿನಾ ಕಂಬದ ಪಕ್ಕ ನಿಂತು ನನ್ನನ್ನ ನೋಡ್ಬೇಕು. ಅದು ನಂಗಾಗಲ್ಲ. ಒಬ್ಬೊಬ್ಬರಿಗೂ ಒಂದೊಂದು ಸ್ಟೂಲ್ ಕೊಡಿ, ಗಿರಾಕಿ ಇಲ್ದಾಗ ಕೂರೋಕೆ. ಮೆತ್ತಗಿರೋದು ಬೇಡ, ಮರದ್ದೇ ಸಾಕು."

"ಅದಾಗದ ಮಾತು. ಇದನ್ನಾದ್ರೂ ತಗೊಳ್ಳಿ. ಬೇಡ ಅಂದ್ರೆ ನಿಮ್ಮ ಕೆಲಸದ ಬಗ್ಗೆ ನಾನೇನೂ ಹೇಳೋಕಾಗಲ್ಲ."

ಕಂಬದಕ್ಕ ಕುರ್ಚಿಯ ಬೆನ್ನಿನಿಂದ ಕೈ ತೆಗೆದಳು. ಒರಗಿದಂತೆ ಕಂಡೀತೆಂಬ ಹಳೆಯ ಅಭ್ಯಾಸ. ಎಳೆದಿಟ್ಟಿದ್ದ ಕುರ್ಚಿಯನ್ನು ಮೇಜಿನ ಕೆಳಗೆ ಮೊದಲಿದ್ದ ಜಾಗಕ್ಕೆ ಸದ್ದಾಗದಂತೆ ತಳ್ಳಿದಳು.

"ನಂಗೆ ಬೇಡ ಸರ್," ಎಂದಳು. "ಸ್ಟೂಲು ಬಂದ ದಿನ ಹೇಳಿ ಕಳಿಸಿ. ಬಂದು ಅವರ ಜೊತೆಗೇ ಕೂರ್ತೀನಿ."